ಸಾವಿನ ಪುಸ್ತಕಗಳ ಪಕ್ಕ ನಗುವಿಗೂ ಜಾಗ ಇರಲಿ

ನವೆಂಬರ್ ಮೃತರ ಸ್ಮರಣೆಯ ತಿಂಗಳು. ಈ ಸಲ ನಮ್ಮ ಯುವ ಸಂಚಲನದ ಓದುವ ಬಳಗ ಒಂದು ಸಣ್ಣ ಪಟ್ಟಿ ಮಾಡಿತು. ಕಾಯಿಲೆ ಮತ್ತು ಸಾವಿನ ಬಗ್ಗೆ ನಾಲ್ಕು ಪುಸ್ತಕ, ಜೊತೆಗೆ ಬ್ರಿಟನ್ನಿನ ಹಳೆಯ ರೇಡಿಯೋ ಹಾಸ್ಯದ ಕೆಲವು ಕಂತುಗಳು. ಪಟ್ಟಿಯನ್ನು ಚರ್ಚಿನ ಬೋರ್ಡಿಗೆ ಹಾಕಿದ ಭಾನುವಾರವೇ ಪೂಜೆ ಮುಗಿಸಿ ಹೊರಗೆ ಬಂದ ಹಿರಿಯರೊಬ್ಬರು ನನ್ನನ್ನು ಕರೆದರು. "ಅಲ್ಲ ಮಾರಾಯ, ಸಾವಿನ ವಿಷಯ ಓದುವಾಗ ಹಾಸ್ಯ ಎಂತಕ್ಕೆ? ಕಾಯಿಲೆಯವರು ಇರುವ ಮನೆಯವರು ನೋಡಿದರೆ ಎಂತ ಹೇಳಿಯಾರು?" ಅಂದರು.

ಅವರ ಮನೆಯಲ್ಲೇ ಕಾಯಿಲೆ ಉಂಟು. ಹಾಗಾಗಿ ಅಲ್ಲಿ ನಿಂತು ವಾದ ಮಾಡಲು ನನಗೆ ಮನಸ್ಸಾಗಲಿಲ್ಲ. "ಯೋಚನೆ ಮಾಡಿ ಹೇಳ್ತೇನೆ" ಅಂದೆ. ಯೋಚನೆ ಮಾಡಿದ್ದೇನೆ. ಪಟ್ಟಿ ಹಾಗೆಯೇ ಇರಬೇಕು ಎಂದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ.

ಇಂಗ್ಲೆಂಡಿನ ದಕ್ಷಿಣದ ವಿಂಚೆಲ್ಸಿ ಎಂಬ ಸಣ್ಣ ಊರಿನಲ್ಲಿ ಸಂತ ತೋಮಸರ ಹೆಸರಿನ ಆಂಗ್ಲಿಕನ್ ಚರ್ಚ್ ಇದೆ. ಅದರ ಸಮಾಧಿ ಭೂಮಿಯಲ್ಲಿ ಸ್ಪೈಕ್ ಮಿಲಿಗನ್ ಎಂಬ ಹಾಸ್ಯಗಾರನ ಸಮಾಧಿ ಇದೆ. ಇವರು ಹುಟ್ಟಿದ್ದು ನಮ್ಮ ದೇಶದಲ್ಲಿ, 1918ರಲ್ಲಿ, ಅಹಮದ್‌ನಗರದಲ್ಲಿ. ಅಪ್ಪ ಬ್ರಿಟಿಷ್ ಸೇನೆಯಲ್ಲಿದ್ದ ಐರಿಷ್ ಮನುಷ್ಯ. ಬಾಲ್ಯದ ಓದು ಪುಣೆಯ ಕಾನ್ವೆಂಟಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಗಾಯಗೊಂಡರು. ಆಮೇಲೆ 1951ರಿಂದ 1960ರವರೆಗೆ ಬಿಬಿಸಿ ರೇಡಿಯೋದಲ್ಲಿ 'ದ ಗೂನ್ ಶೋ' ನಡೆಯಿತು. ಬಹುತೇಕ ಬರೆದದ್ದು ಮಿಲಿಗನ್, ಜೊತೆಗೆ ಧ್ವನಿ ಕೊಟ್ಟವರು ಪೀಟರ್ ಸೆಲ್ಲರ್ಸ್ ಮತ್ತು ಹ್ಯಾರಿ ಸೀಕೂಂಬ್. ಅರ್ಥವಿಲ್ಲದ ಮಾತು, ವಿಚಿತ್ರ ಶಬ್ದ, ತಲೆಬುಡವಿಲ್ಲದ ಕಥೆ. ಮೊದಲ ಸಲ ಕೇಳಿದಾಗ ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಭಾರತೀಯರ ಉಚ್ಚಾರಣೆಯನ್ನು ಅಣಕಿಸುವ ಭಾಗಗಳೂ ಅದರಲ್ಲಿವೆ, ಅವನ್ನು ನಾನು ಸಮರ್ಥಿಸುವುದಿಲ್ಲ.

ತನ್ನ ಸಮಾಧಿಯ ಕಲ್ಲಿನ ಮೇಲೆ "ನನಗೆ ಹುಷಾರಿಲ್ಲ ಅಂತ ನಾನು ಮೊದಲೇ ಹೇಳಿದ್ದೆ" ಎಂದು ಬರೆಸಬೇಕು ಎಂದು ಮಿಲಿಗನ್ ತಮಾಷೆ ಮಾಡುತ್ತಿದ್ದರು. 2002ರ ಫೆಬ್ರವರಿಯಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿನ ಧರ್ಮಪ್ರಾಂತ್ಯ ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಕೆತ್ತಲು ಒಪ್ಪಲಿಲ್ಲ. ಕೊನೆಗೆ ಒಂದು ರಾಜಿ ಆಯಿತು. ಅದೇ ವಾಕ್ಯ ಐರಿಷ್ ಭಾಷೆಯಲ್ಲಿ ಇರಬಹುದು! ಈಗ ಕಲ್ಲಿನ ಮೇಲೆ ಹಾಗೆಯೇ ಇದೆ. ನಮ್ಮ ಸಮಾಧಿ ಭೂಮಿಯಲ್ಲಿ ಇಂಥ ಕಲ್ಲು ನಿಲ್ಲಿಸಲು ಯಾರಾದರೂ ಅರ್ಜಿ ಕೊಟ್ಟರೆ ಪಾಲನಾ ಮಂಡಳಿಯ ಸಭೆ ರಾತ್ರಿ ಎಷ್ಟು ಗಂಟೆಗೆ ಮುಗಿದೀತು ಎಂದು ನಾನು ಊಹಿಸಬಲ್ಲೆ. ಆ ಧರ್ಮಪ್ರಾಂತ್ಯದ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಪಕ್ಕದ ಸಮಾಧಿಗೆ ಹೂ ಇಡಲು ಬಂದ ತಾಯಿಗೆ ಆ ದಿನ ನಗುವ ಮನಸ್ಸು ಇರಲಿಕ್ಕಿಲ್ಲ.

ಆದರೆ ಆ ವಾಕ್ಯವನ್ನು ಇನ್ನೊಮ್ಮೆ ಓದಿ. ಕಾಯಿಲೆ ಬಿದ್ದವನ ಒಂದು ದೂರು ಅದರಲ್ಲಿದೆ. ಹೇಳಿದೆ, ನೀವು ಕೇಳಿಸಿಕೊಳ್ಳಲಿಲ್ಲ. ಮಿಲಿಗನ್ ಯುದ್ಧದ ನಂತರ ಜೀವಮಾನವಿಡೀ ಮಾನಸಿಕ ಕಾಯಿಲೆಯಿಂದ ನರಳಿದವರು. ಗೂನ್ ಶೋ ಬರೆಯುತ್ತಿದ್ದಾಗಲೇ ಆಸ್ಪತ್ರೆ ಸೇರಿದವರು. ಮನೋವೈದ್ಯ ಆಂಥನಿ ಕ್ಲೇರ್ ಜೊತೆ ಸೇರಿ 1993ರಲ್ಲಿ ಖಿನ್ನತೆಯ ಬಗ್ಗೆ ಒಂದು ಪುಸ್ತಕವನ್ನೇ ತಂದರು, 'ಡಿಪ್ರೆಶನ್ ಆಂಡ್ ಹೌ ಟು ಸರ್ವೈವ್ ಇಟ್'. ಲಕ್ಷಾಂತರ ಜನರನ್ನು ನಗಿಸಿದ ಮನುಷ್ಯನೇ ಕಾಯಿಲೆಯ ಪುಸ್ತಕವನ್ನೂ ಬರೆದದ್ದು. ನಮ್ಮ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಬಂದದ್ದಕ್ಕೆ ಇದೇ ಮೊದಲ ಕಾರಣ.

ಇನ್ನೊಂದು ಕಾರಣ ಮಿಲ್‌ಫರ್ಡ್ ಎಂಬಲ್ಲಿನ ಕ್ಷಯರೋಗ ಆಸ್ಪತ್ರೆ. ಅದೂ ಇಂಗ್ಲೆಂಡಿನಲ್ಲೇ. ಯುದ್ಧ ಮುಗಿದ ಹೊಸತರಲ್ಲಿ, 1948ರ ಸುಮಾರಿಗೆ, ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್ ಎಂಬ ಇಬ್ಬರು ಹುಡುಗರು ಅಲ್ಲಿ ರೋಗಿಗಳಾಗಿ ಭೇಟಿಯಾದರು. ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ, ನಮ್ಮ ಯುವ ಸಂಚಲನದವರ ವಯಸ್ಸು. ಆಗ ಕ್ಷಯವೆಂದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಸಿಗೆ. ಪಕ್ಕದ ಹಾಸಿಗೆ ಇದ್ದಕ್ಕಿದ್ದಂತೆ ಖಾಲಿಯಾಗುವುದನ್ನು ನೋಡಿಕೊಂಡು ಮಲಗಬೇಕು. ಆಸ್ಪತ್ರೆಯ ಒಳಗೆ ರೋಗಿಗಳಿಗಾಗಿಯೇ ಒಂದು ಸಣ್ಣ ರೇಡಿಯೋ ಇತ್ತು. ಇಬ್ಬರೂ ಅದಕ್ಕೆ ಆಸ್ಪತ್ರೆಯ ಬದುಕಿನ ಬಗ್ಗೆಯೇ ಚಿಕ್ಕ ಚಿಕ್ಕ ನಗೆ ತುಣುಕು ಬರೆದರು. ಅವರು ಬರೆಯಲು ಶುರುಮಾಡಿದ್ದು ಅಲ್ಲಿ. ಗುಣವಾಗಿ ಹೊರಬಂದ ಮೇಲೆ 1954ರಿಂದ ಬಿಬಿಸಿಯಲ್ಲಿ 'ಹ್ಯಾಂಕಾಕ್ಸ್ ಹಾಫ್ ಅವರ್' ಬರೆದರು. ರೇಡಿಯೋ ಹಾಸ್ಯದ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಹೆಸರು.

ರೋಗಿಗಳು ರೋಗಿಗಳಿಗಾಗಿ ಬರೆದ ಹಾಸ್ಯ ಅದು. ಹೊರಗಿನಿಂದ ಕೋಡಂಗಿ ವೇಷ ಹಾಕಿ ಬಂದವರು ನಗಿಸಿದ್ದಲ್ಲ.

ಈಗ ಪುಸ್ತಕಗಳ ಮಾತು. ನಾಲ್ಕರಲ್ಲಿ ಮೊದಲಿನದು ಅತುಲ್ ಗವಾಂಡೆಯವರ 'ಬೀಯಿಂಗ್ ಮಾರ್ಟಲ್' (2014). ಅಮೆರಿಕದಲ್ಲಿ ಶಸ್ತ್ರಚಿಕಿತ್ಸಕರಾಗಿರುವ ಇವರ ತಂದೆ ಮಹಾರಾಷ್ಟ್ರದ ಹಳ್ಳಿಯೊಂದರಿಂದ ಹೋದವರು. ಆ ತಂದೆಯ ಬೆನ್ನುಹುರಿಯ ಗೆಡ್ಡೆ ಮತ್ತು ಅವರ ಕೊನೆಯ ದಿನಗಳ ಕಥೆ ಈ ಪುಸ್ತಕದ ಹೃದಯ. ಅದರಲ್ಲೇ ಬರುವ ಒಬ್ಬ ನಿವೃತ್ತ ಪ್ರಾಧ್ಯಾಪಕರನ್ನು ನಾನು ಮರೆಯಲಾರೆ. ಕುತ್ತಿಗೆಯ ಬೆನ್ನುಹುರಿಯ ಅಪಾಯದ ಆಪರೇಷನ್ನಿಗೆ ಮೊದಲು ಮಗಳು ಕೇಳುತ್ತಾಳೆ, ಬದುಕು ಯಾವ ಸ್ಥಿತಿಗೆ ಬಂದರೂ ಪರವಾಗಿಲ್ಲ ಅನಿಸುತ್ತದೆ ಅಪ್ಪ? ಅಪ್ಪನ ಉತ್ತರ, ಚಾಕೊಲೇಟ್ ಐಸ್‌ಕ್ರೀಮ್ ತಿನ್ನಲು ಮತ್ತು ಟಿವಿಯಲ್ಲಿ ಫುಟ್‌ಬಾಲ್ ನೋಡಲು ಆದರೆ ಸಾಕು. ನಗು ಬರುತ್ತದೆ. ಆದರೆ ಆಪರೇಷನ್ ನಡೆದು ರಕ್ತಸ್ರಾವವಾಗಿ ಮುಂದುವರಿಯಬೇಕೋ ಬೇಡವೋ ಎಂದು ವೈದ್ಯರು ಕೇಳಿದಾಗ ಮಗಳಿಗೆ ದಾರಿ ತೋರಿಸಿದ್ದು ಆ ಐಸ್‌ಕ್ರೀಮಿನ ಮಾತೇ.

ಎರಡನೆಯದು ಕ್ಯಾಥರಿನ್ ಮ್ಯಾನಿಕ್ಸ್ ಅವರ 'ವಿತ್ ದಿ ಎಂಡ್ ಇನ್ ಮೈಂಡ್' (2017). ಇಂಗ್ಲೆಂಡಿನ ಪಾಲಿಯೇಟಿವ್ ವೈದ್ಯೆ ಇವರು. ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪ್ರತಿರೋಧ ಪಡೆಯಲ್ಲಿದ್ದ ಒಬ್ಬ ವೃದ್ಧೆಯ ಪ್ರಸಂಗ ಅದರಲ್ಲಿದೆ. ಆಕೆಗೆ ಸಾವಿಗಿಂತ ಹೆಚ್ಚಾಗಿ ನೋವಿನಲ್ಲಿ ಧೈರ್ಯ ಕಳೆದುಕೊಂಡೇನು ಎಂಬ ಭಯ. ಹಿರಿಯ ವೈದ್ಯರು ಪಕ್ಕದಲ್ಲಿ ಕುಳಿತು, ಸಾಮಾನ್ಯವಾಗಿ ಸಾಯುವಾಗ ಏನಾಗುತ್ತದೆ ಎಂದು ಹಂತ ಹಂತವಾಗಿ ಹೇಳುತ್ತಾರೆ. ನಿದ್ದೆ ಹೆಚ್ಚುತ್ತದೆ, ಆಮೇಲೆ ಹೊತ್ತುಹೊತ್ತಿಗೆ ಎಚ್ಚರ ತಪ್ಪುತ್ತದೆ, ಕೊನೆಗೆ ಉಸಿರು ಮೆಲ್ಲಗಾಗಿ ನಿಲ್ಲುತ್ತದೆ. ಅದನ್ನು ಕೇಳಿ ಆಕೆಯ ಭಯ ಇಳಿಯುತ್ತದೆ. ಬಚ್ಚಿಟ್ಟದ್ದು ಹೆದರಿಸಿತ್ತು, ಹೇಳಿದ್ದು ಸಮಾಧಾನ ಕೊಟ್ಟಿತು.

ಪೌಲ್ ಕಲಾನಿಧಿಯವರ 'ವೆನ್ ಬ್ರೆತ್ ಬಿಕಮ್ಸ್ ಏರ್' ಹಲವರು ಓದಿರುತ್ತೀರಿ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿ. ಎಸ್. ಲೂಯಿಸ್ ತನ್ನ ಹೆಂಡತಿ ತೀರಿಕೊಂಡ ಮೇಲೆ ಬರೆದ 'ಎ ಗ್ರೀಫ್ ಅಬ್ಸರ್ವ್ಡ್' (1961) ಮಾತ್ರ ವಿಶ್ವಾಸಿಗಳು ಓದಲೇಬೇಕು. ಕ್ರೈಸ್ತ ವಿಶ್ವಾಸವನ್ನು ಜಗತ್ತಿಗೆ ವಿವರಿಸಿದ ಮನುಷ್ಯ, ದುಃಖದಲ್ಲಿ ದೇವರ ಮೇಲೆ ತನಗೆ ಬಂದ ಸಿಟ್ಟನ್ನು ಮುಚ್ಚಿಡದೆ ಬರೆದರು. ಅದೂ ಬೇರೆ ಹೆಸರಿನಲ್ಲಿ ಪ್ರಕಟಿಸಿದರು.

ಈ ಪುಸ್ತಕಗಳೆಲ್ಲ ಸತ್ಯ ಹೇಳಲು ಕಲಿಸುತ್ತವೆ. ಹಾಸ್ಯ ಕಲಿಸುವುದು ಬೇರೆ. ಕಾಯಿಲೆ ಬಿದ್ದ ಮೇಲೂ ಆ ಮನುಷ್ಯ ಅದೇ ಮನುಷ್ಯ. ನಿನ್ನೆವರೆಗೆ ಎಲ್ಲರನ್ನೂ ಗೇಲಿ ಮಾಡುತ್ತಿದ್ದವರು ಇವತ್ತು ಬಯಾಪ್ಸಿ ರಿಪೋರ್ಟ್ ಬಂತೆಂದು ಸಂತರಾಗುವುದಿಲ್ಲ. ನಾವು ಮಾತ್ರ ಅವರನ್ನು ಬದುಕಿರುವಾಗಲೇ ಪೀಠಕ್ಕೆ ಹತ್ತಿಸಿ ಕೈಮುಗಿದು ನಿಲ್ಲುತ್ತೇವೆ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಎರಡು ವರ್ಷದ ಹಿಂದೆ ನಮ್ಮ ವಾರ್ಡಿನ ಅಜ್ಜ ಒಬ್ಬರನ್ನು ನೋಡಲು ನಾವು ಆರು ಮಂದಿ ಹೋಗಿದ್ದೆವು. ಹೊಟ್ಟೆಯ ಕ್ಯಾನ್ಸರ್, ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ನಾವೂ ಎಲ್ಲರ ಹಾಗೆ ಒಂದು ಹಾರ್ಲಿಕ್ಸ್ ಬಾಟ್ಲಿ ತೆಗೆದುಕೊಂಡು ಹೋದೆವು. ಎಲ್ಲರ ಹಾಗೆ "ಎಂತ ಆಗುದಿಲ್ಲ ಅಜ್ಜ, ಬೇಗ ಹುಷಾರಾಗ್ತೀರಿ" ಅಂದೆವು. ಅಜ್ಜ ಕಪಾಟಿನ ಕಡೆ ಕೈ ತೋರಿಸಿದರು. ಸಾಲಾಗಿ ಬಾಟ್ಲಿಗಳು. "ಇದು ಸೇರಿ ಒಂಬತ್ತಾಯ್ತು. ಇಷ್ಟು ಮುಗಿಯದೆ ದೇವರು ನನ್ನನ್ನು ಕರೀಲಿಕ್ಕಿಲ್ಲ, ವೇಸ್ಟ್ ಆಗ್ತದಲ್ಲ!"

ಒಬ್ಬರೂ ನಗಲಿಲ್ಲ. ನಮಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಗಾಬರಿಯಲ್ಲಿ ನಮ್ಮಲ್ಲಿ ಒಬ್ಬಳು ಜಪಸರ ತೆಗೆದು ಪ್ರಾರ್ಥನೆ ಶುರುಮಾಡಿದಳು. ಅಜ್ಜನೂ ಕಣ್ಣು ಮುಚ್ಚಿ ಸೇರಿಕೊಂಡರು. ಪ್ರಾರ್ಥನೆ ತಪ್ಪಲ್ಲ, ಆದರೆ ಆ ಹೊತ್ತಿಗೆ ಅದು ಅವರ ಮಾತಿಗೆ ಹಾಕಿದ ಮುಚ್ಚಳ. ಅವರು ಒಂದು ಬಾಗಿಲು ತೆರೆದಿದ್ದರು. "ನನಗೆ ಗೊತ್ತುಂಟು, ನಿಮಗೂ ಗೊತ್ತುಂಟು, ಮಾತಾಡುವ" ಎನ್ನುವುದನ್ನು ಅವರಿಗೆ ಬರುವ ರೀತಿಯಲ್ಲಿ ಹೇಳಿದ್ದರು. ಅವತ್ತು ನಾವು ನಕ್ಕಿದ್ದರೆ ಮುಂದಿನ ಮಾತು ಏನಿರುತ್ತಿತ್ತೋ. ಮೂರು ವಾರದಲ್ಲಿ ಅವರು ತೀರಿಕೊಂಡರು. ಬಾಟ್ಲಿಗಳು ಮುಗಿದಿರಲಿಲ್ಲ.

ಹಿರಿಯರ ಪ್ರಶ್ನೆಗೆ ಇಷ್ಟೇ ಉತ್ತರ ಸಾಲದು, ನನಗೆ ಗೊತ್ತು. ನಗು ಕೆಲವು ಸಲ ಕ್ರೂರವೂ ಆಗುತ್ತದೆ. ನೋವಿನಲ್ಲಿ ಒದ್ದಾಡುವವರ ಎದುರು ವಾಟ್ಸಾಪಿನ ಜೋಕು ಓದುವುದು, "ಸ್ವಲ್ಪ ನಗಿ, ಪಾಸಿಟಿವ್ ಆಗಿರಿ" ಎಂದು ಒತ್ತಾಯಿಸುವುದು, ಕಿಮೋ ಆಗಿ ಕೂದಲು ಉದುರಿದವರಿಗೆ ಖರ್ಚು ಉಳಿಯಿತು ಎನ್ನುವುದು, ಇವೆಲ್ಲ ಹಾಸ್ಯ ಅಲ್ಲ, ಹಿಂಸೆ. ತಮಾಷೆ ರೋಗಿಯಿಂದ ಹೊರಡಬೇಕು. ನಾವು ಹಿಂದೆ ಬರಬೇಕು. ಅವರು ಅಳುವ ದಿನ ನಗು ಹುಡುಕಬಾರದು. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನೊಟ್ಟಿಗೆ ನೆಲದ ಮೇಲೆ ಸುಮ್ಮನೆ ಕುಳಿತರು. ಅಷ್ಟರವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಉಪದೇಶ ಶುರುಮಾಡಿದ ಮೇಲೆ ಕೆಟ್ಟರು.

ವಿಶ್ವಾಸಕ್ಕೂ ನಗುವಿಗೂ ಆಗಿಬರುವುದಿಲ್ಲ ಎನ್ನುವವರಿಗೆ ಒಂದು ಮಾತು. ಪ್ರತಿ ಜನವರಿ ನಾವೆಲ್ಲ ಕಾರ್ಕಳದ ಅತ್ತೂರಿಗೆ ಹೋಗುತ್ತೇವೆ, ಮೊಂಬತ್ತಿ ಹಚ್ಚಿ ಬರುತ್ತೇವೆ. ಅಲ್ಲಿನ ಸಂತ ಲಾರೆನ್ಸರು ಕ್ರಿಸ್ತಶಕ 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದವರು. ಕಬ್ಬಿಣದ ಜಾಲರಿಯ ಮೇಲೆ ಸುಡುತ್ತಿದ್ದಾಗ, ಈ ಮಗ್ಗುಲು ಬೆಂದಿತು, ಮಗುಚಿ ಹಾಕಿ ಎಂದರಂತೆ. ಚರಿತ್ರಕಾರರು ಇದನ್ನು ಒಪ್ಪಲಿ ಬಿಡಲಿ, ನಮ್ಮ ಸಭೆ ಆ ಕಥೆಯನ್ನು ನೂರಾರು ವರ್ಷದಿಂದ ಪ್ರೀತಿಯಿಂದ ಹೇಳಿಕೊಂಡು ಬಂದಿದೆ, ಅವರನ್ನು ಹಾಸ್ಯಗಾರರ ಪಾಲಕ ಸಂತ ಎಂದೂ ಕರೆಯುತ್ತದೆ. ಸಂತರ ಬಾಯಿಂದ ಬಂದರೆ ಭಕ್ತಿ, ನಮ್ಮ ವಾರ್ಡಿನ ಅಜ್ಜನ ಬಾಯಿಂದ ಬಂದರೆ ಮುಜುಗರ. ಅದು ಯಾವ ನ್ಯಾಯ?

ಮಿಲಿಗನ್ ಮತ್ತು ಸೀಕೂಂಬ್ ಜೀವದ ಗೆಳೆಯರು. ಸೀಕೂಂಬ್ ಒಳ್ಳೆಯ ಗಾಯಕ, ಟಿವಿಯಲ್ಲಿ ಭಾನುವಾರದ ಭಕ್ತಿಗೀತೆಗಳ ಕಾರ್ಯಕ್ರಮವನ್ನೂ ವರ್ಷಗಟ್ಟಲೆ ನಡೆಸಿಕೊಟ್ಟವರು. 2001ರಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡಾಗ ಮಿಲಿಗನ್ ಹೇಳಿದ್ದು, ಅವನು ನನಗಿಂತ ಮೊದಲು ಹೋದದ್ದು ಒಳ್ಳೆಯದಾಯಿತು, ನನ್ನ ಅಂತ್ಯಕ್ರಿಯೆಯಲ್ಲಿ ಅವನು ಹಾಡುವುದು ತಪ್ಪಿತು! ಮರುವರ್ಷ ಮಿಲಿಗನ್ ಹೋದರು. ಅವರ ಸ್ಮರಣೆಯ ಪ್ರಾರ್ಥನೆಯಲ್ಲಿ ಸೀಕೂಂಬ್ ಹಾಡಿದ ಧ್ವನಿಮುದ್ರಣವನ್ನೇ ಹಾಕಿದರು. ಅಲ್ಲಿ ನಕ್ಕವರು ಅಳಲಿಲ್ಲ ಎಂದು ಯಾರು ಹೇಳುತ್ತಾರೆ?

ನಮ್ಮ ಕಾಸರಗೋಡಿನವರಿಗೆ ಈ ವಿಷಯದಲ್ಲಿ ಒಂದು ಅನುಕೂಲ ಉಂಟು. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಗೆಳೆಯರು ಶುರುಮಾಡಿದ ಪಾಲಿಯೇಟಿವ್ ಕೆಲಸ ಕೇರಳದ ಹಳ್ಳಿಹಳ್ಳಿಗೆ ಹಬ್ಬಿತು, 2008ರಲ್ಲಿ ಸರಕಾರ ಅದಕ್ಕೊಂದು ನೀತಿಯನ್ನೇ ಮಾಡಿತು. ಇವತ್ತು ಪಂಚಾಯತಿನ ಪಾಲಿಯೇಟಿವ್ ನರ್ಸ್ ನಮ್ಮ ಮನೆಯಂಗಳಕ್ಕೆ ಬರುತ್ತಾರೆ. ಹುಣ್ಣು ತೊಳೆಯುವುದು, ಟ್ಯೂಬ್ ಬದಲಿಸುವುದು ಅವರಿಗೆ ಗೊತ್ತು. ಪಕ್ಕದಲ್ಲಿ ಒಂದು ಗಂಟೆ ಕುಳಿತು ಮಾತಾಡಲು ಅವರಿಗೆ ಸಮಯ ಇಲ್ಲ, ಅದಕ್ಕೆ ಊರಿನ ಸ್ವಯಂಸೇವಕರು ಬೇಕು. ನಮ್ಮ ಪಟ್ಟಿ ನಿಜವಾಗಿ ಇರುವುದು ಅದಕ್ಕೆ, ಪರೀಕ್ಷೆಗೆ ಓದಿದ ಹಾಗೆ ಓದಿ ಇಡಲಿಕ್ಕಲ್ಲ.

ಹಾಗಾಗಿ ನನ್ನ ಕೋರಿಕೆ. ನಾಲ್ಕು ಪುಸ್ತಕದಲ್ಲಿ ಒಂದನ್ನಾದರೂ ಈ ತಿಂಗಳು ಓದಿ. ಇಂಗ್ಲಿಷ್ ಕಷ್ಟವಾದರೆ ಶನಿವಾರ ಸಂಜೆ ಹಾಲಿಗೆ ಬನ್ನಿ, ಒಂದೊಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಿಕೊಳ್ಳುವ. ಆಮೇಲೆ ಅರ್ಧ ಗಂಟೆ 'ಹ್ಯಾಂಕಾಕ್ಸ್ ಹಾಫ್ ಅವರ್' ಕೇಳುವ. ಪಂಚಾಯತಿನ ಪಾಲಿಯೇಟಿವ್ ತರಬೇತಿಗೆ ಹೆಸರು ಕೊಡುವವರು ನನ್ನಲ್ಲಿ ಹೇಳಿ. ಆ ಹಿರಿಯರ ಮನೆಗೆ ಬರುವ ವಾರ ನಾವು ಹೋಗುವವರಿದ್ದೇವೆ, ಅವರೇ ಬರಹೇಳಿದ್ದಾರೆ. ಹಾರ್ಲಿಕ್ಸ್ ತೆಗೆದುಕೊಂಡು ಹೋಗುವುದಿಲ್ಲ.