ವಿಮಾನ ಬಿದ್ದ ಊರಿಗೆ ವರದಿಯೂ ಬರಲಿ

ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ,

ಮಾನ್ಯರೇ, ನಾವು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರು. ಸಂಬಂಧಪಟ್ಟ ಕಚೇರಿಗೆ ಸಲ್ಲಿಸಿದ ಮನವಿಗೆ ಸ್ವೀಕೃತಿ ಬಂತೇ ಹೊರತು ಉತ್ತರ ಬರಲಿಲ್ಲ; ಹಾಗಾಗಿ ಈ ಬಹಿರಂಗ ಪತ್ರ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಮೇಲೆದ್ದ ತರಬೇತಿ ವಿಮಾನ ಸ್ವಲ್ಪ ಹೊತ್ತಿಗೇ ಹೊನ್ನಿಹಾಳದ ಹೊಲಕ್ಕಿಳಿಯಿತು. ಜೂನ್ 1ರಂದು ವಾಯುಪಡೆಯ ಕಿರಣ್ ತರಬೇತಿ ವಿಮಾನ ನಮ್ಮ ಪಕ್ಕದ ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ಬಿತ್ತು. ಎರಡರಲ್ಲೂ ಇದ್ದವರು ಬದುಕಿದರು, ಅದು ದೊಡ್ಡ ಸಮಾಧಾನ. ಎರಡು ಕಡೆಯೂ ತನಿಖೆಯಾಗುತ್ತದೆ, ಕಾರಣ ಪತ್ತೆಯಾಗುತ್ತದೆ ಎಂಬ ಮಾತು ಕೇಳಿಬಂತು. ಆ ಮಾತು ಕೊಟ್ಟದ್ದು ಯಾರಿಗೆ?

ಕಾರಣ ನಮಗೇಕೆ ಗೊತ್ತಾಗಬೇಕು? ಸಣ್ಣ ವಿಮಾನಕ್ಕೆ ನೆಲ ಬಿಡುವ ಗಳಿಗೆಯೇ ಗಂಡಾಂತರದ್ದು. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ವೇಗ ಕಡಿಮೆ, ಎತ್ತರ ಇನ್ನೂ ಸಿಕ್ಕಿರುವುದಿಲ್ಲ. ಆಗ ಎಂಜಿನ್ ಕೈಕೊಟ್ಟರೆ ರನ್‌ವೇ ಕಡೆಗೆ ಹೊರಳಬೇಡ, ಎದುರಿಗೆ ಸಿಕ್ಕ ಬಯಲಿಗೆ ಇಳಿಸು ಎಂದೇ ಪೈಲಟ್‌ಗೆ ಕಲಿಸುತ್ತಾರೆ. ಬಿಸಿಲು ಏರಿದಷ್ಟೂ, ನೆಲ ಸಮುದ್ರಮಟ್ಟದಿಂದ ಎತ್ತರವಿದ್ದಷ್ಟೂ ಗಾಳಿ ತೆಳುವಾಗುತ್ತದೆ; ಅದೇ ತೂಕ ಹೊತ್ತು ಮೇಲೇಳಲು ಇನ್ನಷ್ಟು ಉದ್ದದ ರನ್‌ವೇ ಬೇಕಾಗುತ್ತದೆ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸೆಸ್ನಾ 180 ಕೆಲವೇ ನಿಮಿಷದಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ಬಿದ್ದು, ನಟಿ ಸೌಂದರ್ಯ ಸೇರಿ ನಾಲ್ವರು ಸತ್ತರು. ರನ್‌ವೇಯ ತುದಿಯಾಚೆ ಏನಿದೆ ಎಂಬುದು ಪೈಲಟ್‌ನ ಜೀವಕ್ಕೆ ಎಷ್ಟೋ, ಕೆಳಗೆ ಬದುಕುವವರ ಜೀವಕ್ಕೂ ಅಷ್ಟೇ ಮುಖ್ಯ.

ತನಿಖಾ ವರದಿಗಳು ಸಾರ್ವಜನಿಕವಾಗಿವೆ ಎಂದು ನೀವು ಹೇಳಬಹುದು. ಅವು ಇಂಗ್ಲಿಷಿನಲ್ಲಿವೆ, ಹೊಲದ ಯಜಮಾನನಿಗೆ ಅವನ್ನು ತಲುಪಿಸುವವರಿಲ್ಲ. ವಾಯುಪಡೆಯ ವಿಷಯ ಗೋಪ್ಯ ಎನ್ನಬಹುದು. ಒಪ್ಪುತ್ತೇವೆ, ಗೋಪ್ಯವಾದದ್ದನ್ನು ಮುಚ್ಚಿಡಲಿ. ಬಿದ್ದದ್ದೇಕೆ ಎಂಬುದನ್ನಷ್ಟೇ ರಕ್ಷಣಾ ಸಚಿವರ ಜೊತೆ ಮಾತಾಡಿ ಹೇಳಿಸಿ. ಯಾರೂ ಸಾಯಲಿಲ್ಲವಲ್ಲ ಎನ್ನುವವರಿಗೆ ಒಂದು ಮಾತು: ಸಾವಿಲ್ಲದ ಅಪಘಾತವೇ ಎಚ್ಚರಿಕೆಗೆ ಸಿಕ್ಕ ಅವಕಾಶ. ಹೊನ್ನಿಹಾಳದಲ್ಲಿ ವಿಮಾನ ಇಳಿಸಿದ ತರಬೇತಿ ಸಂಸ್ಥೆಯದೇ ಎರಡು ವಿಮಾನ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಬಾರಾಮತಿ ಬಳಿ ನಾಲ್ಕು ದಿನದೊಳಗೆ ಬಿದ್ದ ಮೇಲಲ್ಲವೇ ವಿಮಾನಯಾನ ಮಹಾನಿರ್ದೇಶನಾಲಯ ಅವರ ತರಬೇತಿ ನಿಲ್ಲಿಸಿದ್ದು? ಮೇ ತಿಂಗಳಲ್ಲೇ ಕೇಳಬೇಕಿದ್ದ ಪ್ರಶ್ನೆಗೆ ಅಕ್ಟೋಬರ್‌ವರೆಗೆ ಕಾದದ್ದೇಕೆ?

ನಮ್ಮ ಸುತ್ತ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಿವೆ. ಅಲ್ಲಿ ವಿಮಾನ ಬಿದ್ದರೆ ಮೊದಲು ಓಡಿಹೋಗುವವರು ಸೋಲಿಗರು, ಅರಣ್ಯ ವಾಚರ್‌ಗಳು. ಇಂಧನ ಸೋರುವ ವಿಮಾನದ ಹತ್ತಿರ ಹೇಗೆ ಹೋಗಬೇಕು, ಏನನ್ನು ಮುಟ್ಟಬಾರದು ಎಂದು ಅವರಿಗೆ ಕಲಿಸಿದ್ದೀರಾ? ಸಣ್ಣ ಊರುಗಳಿಗೆ ಏರ್‌ಸ್ಟ್ರಿಪ್ ತರುವ ಮಾತು ದಿನವೂ ಕೇಳುತ್ತೇವೆ. ಅಗ್ನಿಶಾಮಕ ವಾಹನದ, ಸುಟ್ಟಗಾಯದ ಚಿಕಿತ್ಸೆಯ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ. ಅಳೆಯಲು ನಮ್ಮ ಹೊಲಕ್ಕೆ ಬರುವ ಸರ್ಕಾರ, ಅವಘಡವಾದರೆ ಉತ್ತರ ಹೇಳಲು ಬರುವುದೇ ಇಲ್ಲ. ಹೊನ್ನಿಹಾಳ, ಭೋಗಾಪುರ ಎರಡೂ ಊರುಗಳ ಪಂಚಾಯಿತಿಗಳಿಗೆ ಕಾರಣ ತಿಳಿಸುವ ಕನ್ನಡದ ವರದಿ ಕಳಿಸಿ. ಅದು ತಲುಪುವವರೆಗೆ ಇನ್ನೊಂದು ಏರ್‌ಸ್ಟ್ರಿಪ್‌ಗೆ ಅಡಿಗಲ್ಲು ಹಾಕಬೇಡಿ.