ಬೇಸಿಗೆ ರಜೆ ಯಾರಿಗೆ?

ಬಳ್ಳಾರಿ ಸೀಮೆಗೆ ಎರಡೇ ಕಾಲ ಅಂತ ನಮ್ಮ ಕಡೆ ಒಂದು ಹಳೇ ಜೋಕು. ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ. ೨೦೨೧ರಲ್ಲಿ ನಮ್ಮನ್ನು ಬಳ್ಳಾರಿಯಿಂದ ಬೇರೆ ಮಾಡಿ ವಿಜಯನಗರ ಜಿಲ್ಲೆ ಅಂದರು. ಮರಿಯಮ್ಮನಹಳ್ಳಿ ಬಿಸಿಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ :-)

ವಿಚಿತ್ರ ನೋಡಿ, ಇಂಥಾ ಬಿಸಿಲಲ್ಲೇ ನಮ್ಮೂರಿನ ಸಂಭ್ರಮಗಳೆಲ್ಲಾ ಬರೋದು. ಯುಗಾದಿಯ ಬೇವು-ಬೆಲ್ಲ, ರಾಮನವಮಿಯ ಪಾನಕ ಕೋಸಂಬರಿ, ಊರಿನ ತೇರು, ಚೈತ್ರದ ಹುಣ್ಣಿಮೆಗೆ ಹಂಪಿ ವಿರೂಪಾಕ್ಷನ ತೇರು, ಆಮೇಲೆ ಬಸವ ಜಯಂತಿ. ನಡುವೆ ಮದುವೆ, ಗೃಹಪ್ರವೇಶ, ಜವಳ. ಕಾರಣ ಸರಳ. ಹೊಲದ ಕೆಲಸ ಮುಗಿದಿರುತ್ತೆ, ಶಾಲೆಗೆ ರಜೆ, ಬೆಂಗಳೂರಿನಲ್ಲಿ ಕೀಬೋರ್ಡ್ ಕುಟ್ಟುವ ನನ್ನಂಥವರಿಗೂ ನಾಲ್ಕು ದಿನ ರಜೆ ಸಿಗುತ್ತೆ. ಒಂದೇ ಮನೇಲಿ ಹದಿನೈದು ಜನ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಿರ್ಚಿ, ಮಧ್ಯಾಹ್ನ ಹೋಳಿಗೆ ಊಟ, ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಅಕ್ಕಪಕ್ಕದ ಮನೆಯವರ ಜೊತೆ ಹರಟೆ.

ಈ ಬಗ್ಗೆ ಕನ್ನಡದಲ್ಲಿ ಎಷ್ಟೊಂದು ನೆನಪಿನ ಬರಹಗಳಿವೆ! ಅಜ್ಜಿ ಮನೆ, ಕದ್ದು ತಿಂದ ಮಾವಿನಕಾಯಿ, ಚಂದಮಾಮ, ಬಾಲಮಂಗಳ... ನನಗೂ ಅವನ್ನು ಓದೋದಂದ್ರೆ ಇಷ್ಟ. ಆದರೆ ಗಮನಿಸಿದ್ದೀರಾ? ಆ ಬರಹಗಳಲ್ಲಿ ಮಕ್ಕಳು ಓದುತ್ತಿರುತ್ತಾರೆ, ಅಪ್ಪ ದೊಡ್ಡಪ್ಪಂದಿರು ಕಟ್ಟೆ ಮೇಲೆ ಪೇಪರ್ ಹಿಡಿದು ಕೂತಿರುತ್ತಾರೆ, ಅವ್ವ ಮಾತ್ರ ಒಲೆ ಮುಂದೆ. ಬರೆದವರು ಅದನ್ನು ಪ್ರೀತಿಯಿಂದಲೇ ಬರೆದಿರುತ್ತಾರೆ. "ಅವ್ವನ ಕೈರುಚಿ" ಅಂತ ಒಂದು ಸಾಲು ಹಾಕಿ ಮುಂದೆ ಹೋಗಿಬಿಡುತ್ತಾರೆ.

ನಾನು ಹೇಳಬೇಕೆಂದಿರೋದು ಇಷ್ಟೇ. ಬೇಸಿಗೆ ರಜೆ ಅನ್ನೋದು ನಮ್ಮ ಮನೆಗಳ ಅರ್ಧ ಜನಕ್ಕೆ ಮಾತ್ರ ರಜೆ. ಇನ್ನರ್ಧ ಜನಕ್ಕೆ ಅದು ವರ್ಷದಲ್ಲೇ ಅತಿ ಹೆಚ್ಚು ಕೆಲಸದ ಕಾಲ.

ಲೆಕ್ಕ ಹಾಕಿ. ಬಿಸಿಲು ಬಂತು ಅಂದರೆ ಶಾವಿಗೆ, ಹಪ್ಪಳ, ಸಂಡಿಗೆ. ಬಿಸಿಲೇರುವ ಮುಂಚೆ ಹಾಕಬೇಕು, ಕಾಗೆ ಕಾಯಬೇಕು, ಸಂಜೆ ಎತ್ತಿಡಬೇಕು. ಖಾರದ ಪುಡಿಗೆ ಮೆಣಸಿನಕಾಯಿ ಒಣಗಿಸಬೇಕು. ವರ್ಷದ ಉಪ್ಪಿನಕಾಯಿ ಹಾಕಬೇಕು. ಇದರ ಮೇಲೆ ಬಂದ ನೆಂಟರಿಗೆ ಮೂರು ಹೊತ್ತು ಅಡಿಗೆ, ನಾಲ್ಕು ಸಲ ಚಾ. ಯಾರ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದ್ದರು ಅನ್ನೋ ಲೆಕ್ಕ ಇಡೋರೂ ಅವರೇ. ನಲ್ಲಿ ನೀರು ಯಾವ ಹೊತ್ತಿಗೆ ಬರುತ್ತೋ ಆ ಹೊತ್ತಿಗೆ ಎದ್ದೇಳೋರೂ ಅವರೇ.

ಇದು ನನ್ನ ಊಹೆ ಅಂತ ಯಾರಾದರೂ ಅನ್ನಬಹುದು. ಕೇಂದ್ರ ಸರ್ಕಾರವೇ ಜನ ದಿನದ ಸಮಯ ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿದೆ. ೨೦೧೯ರ ಸಮೀಕ್ಷೆ ಪ್ರಕಾರ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ಸರಾಸರಿ ದಿನಕ್ಕೆ ೨೯೯ ನಿಮಿಷ ಅದರಲ್ಲೇ ಕಳೆಯುತ್ತಿದ್ದರು. ಮನೆಗೆಲಸಕ್ಕೆ ಕೈ ಹಾಕುವ ಗಂಡಸರು ೯೭ ನಿಮಿಷ. ೨೦೨೪ರಲ್ಲಿ ಮತ್ತೆ ಸಮೀಕ್ಷೆ ಆಯಿತು. ಹೆಂಗಸರದು ೨೮೯ಕ್ಕೆ ಇಳಿದಿತ್ತು. ಪರವಾಗಿಲ್ವೇ ಅಂದುಕೊಳ್ಳುವಷ್ಟರಲ್ಲಿ, ಗಂಡಸರದ್ದೂ ೮೮ಕ್ಕೆ ಇಳಿದಿತ್ತು! ಅಂದರೆ ಅಂತರ ೨೦೨ ನಿಮಿಷದಿಂದ ೨೦೧ಕ್ಕೆ ಬಂತು. ಐದು ವರ್ಷಕ್ಕೆ ಒಂದು ನಿಮಿಷ. ಇದೇ ಸ್ಪೀಡಿನಲ್ಲಿ ಹೋದರೆ ಸರಿಸಮ ಆಗೋಕೆ ಸಾವಿರದೈದು ವರ್ಷ ಬೇಕು. ಇಂಥಾ ಪ್ರಾಜೆಕ್ಟ್ ಪ್ಲಾನ್ ತಗೊಂಡು ಹೋದರೆ ಯಾವ ಮ್ಯಾನೇಜರೂ ಒಪ್ಪಲ್ಲ. ಮನೇಲಿ ಮಾತ್ರ ಎಲ್ಲರೂ ಒಪ್ಪಿಕೊಂಡು ಕೂತಿದ್ದೇವೆ.

ಈ ೨೦೧ ನಿಮಿಷದಲ್ಲಿ ಏನೇನು ಆಗಬಹುದಿತ್ತು ಅನ್ನೋದೇ ನಿಜವಾದ ಪ್ರಶ್ನೆ. ನಮ್ಮ ದೊಡ್ಡವ್ವ ಏಳನೇ ಕ್ಲಾಸು ಓದಿದಾಕೆ. ಓದೋದಂದ್ರೆ ಆಕೆಗೆ ಹುಚ್ಚು. ಆಕೆ ಓದೋದು ಯಾವಾಗ ಗೊತ್ತಾ? ಯುಗಾದಿ ಮುಂಚೆ ಮನೆ ಸ್ವಚ್ಛ ಮಾಡುವಾಗ. ಡಬ್ಬಿಗಳ ಕೆಳಗೆ ಹಾಸಿದ ಹಳೇ ಪೇಪರ್ ತೆಗೆದು ಹೊಸದು ಹಾಕಬೇಕಲ್ಲ, ಆಗ ಆ ಹಳೇ ಪೇಪರನ್ನು ನಿಂತುಕೊಂಡೇ ಓದುತ್ತಾಳೆ. ಧಾರಾವಾಹಿ ಕಾದಂಬರಿಯ ಯಾವುದೋ ಒಂದು ಕಂತು ಸಿಗುತ್ತೆ. ಹಿಂದಿನ ಕತೆ ಗೊತ್ತಿಲ್ಲ, ಮುಂದಿನದೂ ಗೊತ್ತಿಲ್ಲ. "ಆ ಹುಡುಗಿ ಗತಿ ಏನಾತೋ ಏನೋ" ಅಂತ ಆಮೇಲೆ ನಾಲ್ಕು ದಿನ ಅದೇ ಚಿಂತೆ. ನಾವು ನಕ್ಕುಬಿಡುತ್ತೇವೆ. ನನಗೀಗ ಅದು ನಗುವ ವಿಷಯ ಅನ್ನಿಸಲ್ಲ. ಓದು ಬಂದೂ ಒಂದು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಬಿಡುವು ಇಲ್ಲದಿರೋದು ಸಣ್ಣ ಕೊರತೆಯಲ್ಲ.

ಅದೂ ಎಂಥಾ ಊರಿನಲ್ಲಿ? ತುಂಗಭದ್ರಾ ಡ್ಯಾಮಿನ ನೀರಿನಲ್ಲಿ ಮುಳುಗಿದ ನಾರಾಯಣದೇವರಕೆರೆಯ ಜನ ಬಂದು ನೆಲೆ ನಿಂತ ಊರು ಇದು. ಡ್ಯಾಮು ೧೯೫೩ರಲ್ಲಿ ಮುಗಿಯಿತು. ಹೊಲ ಮನೆ ಹೋದವರು ಜೊತೆಗೆ ಹೊತ್ತು ತಂದದ್ದು ದೇವರು, ತೇರು, ಹಾಡು, ನಾಟಕ. ಇವತ್ತಿಗೂ ಮರಿಯಮ್ಮನಹಳ್ಳಿ ಅಂದರೆ ಕಲಾವಿದರ ಊರು. ಅದರಲ್ಲೂ ಹೆಣ್ಣುಮಕ್ಕಳ ಹೆಸರಿನಿಂದ ಗೊತ್ತಿರೋ ಊರು. ರಂಗನಟಿ ಕೆ. ನಾಗರತ್ನಮ್ಮ ನಮ್ಮೂರಿನವರು. ಜೋಗತಿ ನೃತ್ಯವನ್ನು ದಿಲ್ಲಿಯವರೆಗೆ ಕೊಂಡೊಯ್ದ ಮಂಜಮ್ಮ ಜೋಗತಿಯವರ ಊರೂ ಇದೇ. ೨೦೧೯ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, ೨೦೨೧ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ಆ ದೃಶ್ಯ ನೀವೆಲ್ಲಾ ನೋಡಿರುತ್ತೀರಿ.

ಬೇಸಿಗೆ ಬಂದರೆ ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆಗೊಂದು ನಾಟಕ. ಊರ ಹುಡುಗರು ಪೇಟಿ ಮಾಸ್ತರನ್ನ ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ವೃತ್ತಿ ಕಲಾವಿದೆಯರು ಬರುತ್ತಾರೆ. ಪಾಂಪ್ಲೆಟ್‌ನಲ್ಲಿ ಅವರ ಫೋಟೋ ಇದ್ದರೇ ಜನ ಸೇರೋದು. ಊರಿಗೆಲ್ಲಾ ರಜೆ ಇದ್ದಾಗ ಇವರಿಗೆ ದುಡಿಮೆಯ ಕಾಲ. ಬೆಳಗಿನವರೆಗೆ ನಾಟಕ ಮಾಡಿ ಮನೆಗೆ ಬಂದರೆ ಅಲ್ಲೂ ಒಲೆ ಕಾಯುತ್ತಿರುತ್ತೆ.

ಈ ವೃತ್ತಿರಂಗದಲ್ಲಿ ಅಕ್ಷರ ಬಾರದವರೂ ಇಡೀ ನಾಟಕ ಬಾಯಿಪಾಠ ಮಾಡಿದ್ದಾರೆ. ಒಬ್ಬರು ಪುಸ್ತಕ ಹಿಡಿದು ಓದಿದರು, ಇನ್ನೊಬ್ಬರು ಕೇಳಿ ಕಲಿತರು. ಮಂಜಮ್ಮನವರ ಆತ್ಮಕತೆ 'ನಡುವೆ ಸುಳಿವ ಹೆಣ್ಣು' ಕೂಡ ಹಾಗೇ ಆದದ್ದು. ಅವರು ಹೇಳಿದರು, ಅರುಣ್ ಜೋಳದಕೂಡ್ಲಿಗಿ ಬರೆದರು. ಹಾಗಾಗಿ ಓದು ಅನ್ನೋದು ಮೂಲೆಯಲ್ಲಿ ಒಬ್ಬರೇ ಕೂತು ಮಾಡುವ ಕೆಲಸ ಅಂತ ನಾನು ಹೇಳಲ್ಲ. ನಾಲ್ಕು ಜನ ಕೂತು ಒಬ್ಬರು ಓದಿ ಉಳಿದವರು ಕೇಳಿದರೂ ಅದು ಓದೇ. ಆದರೆ ಎರಡಕ್ಕೂ ಬಿಡುವು ಬೇಕು, ಅದನ್ನು ಯಾರಾದರೂ ಮಾಡಿಕೊಡಬೇಕು.

ಬಿಡುವು ಸಿಕ್ಕರೆ ಏನಾಗಬಹುದು ಅನ್ನೋದಕ್ಕೆ ಎಂ. ಕೆ. ಇಂದಿರಾ ಅವರನ್ನು ನೋಡಿ. ೧೯೧೭ರಲ್ಲಿ ಹುಟ್ಟಿದವರು. ಮೊದಲ ಕಾದಂಬರಿ ಬಂದಿದ್ದು ೧೯೬೩ರಲ್ಲಿ, ನಲವತ್ತೈದು ದಾಟಿದ ಮೇಲೆ. ಅದರ ಹೆಸರು, ನಮ್ಮೂರಿನ ಪಕ್ಕದ ನದಿಯದೇ, 'ತುಂಗಭದ್ರ'. ಆಮೇಲೆ ಅವರಿಂದಲೇ 'ಫಣಿಯಮ್ಮ' ಬಂತು. ನಮ್ಮ ಅವ್ವಂದಿರೆಲ್ಲಾ ಕಾದಂಬರಿ ಬರೆಯಲಿ ಅಂತಲ್ಲ ಮಾರಾಯ್ರೆ. ನಲವತ್ತೈದಕ್ಕೆ ಎಲ್ಲಾ ಮುಗೀತು ಅಂತ ನಾವೇ ತೀರ್ಮಾನ ಮಾಡೋದು ಬೇಡ ಅಂತ ಅಷ್ಟೇ.

ಇದನ್ನು ಹೇಳಿದಾಗೆಲ್ಲಾ ಬರೋ ಉತ್ತರಗಳು ನನಗೆ ಗೊತ್ತು.

ಒಂದು: "ಅವರಿಗೆ ಅದರಲ್ಲೇ ಖುಷಿ." ನಿಜ, ಸ್ವಲ್ಪ ಮಟ್ಟಿಗೆ. ಓಣಿ ಹೆಣ್ಮಕ್ಕಳು ಒಟ್ಟಿಗೆ ಕೂತು ಶಾವಿಗೆ ಮಾಡುವಾಗಿನ ನಗು, ಹಾಡು, ಚಾಡಿ ಯಾವ ಪಾರ್ಟಿಗೂ ಕಡಿಮೆಯಿಲ್ಲ. ಅದನ್ನು ನಿಲ್ಲಿಸಿ ಅಂತ ಯಾರೂ ಹೇಳ್ತಿಲ್ಲ. ಆದರೆ ಶಾವಿಗೆ ಹಾಕಿದ ದಿನವೂ ಹದಿನೈದು ಜನರ ಪಾತ್ರೆ ತೊಳೆಯೋದರಲ್ಲಿ ಯಾವ ಖುಷಿಯಿದೆ? ಅದನ್ನು ಕೇಳಿದವರು ಯಾರು?

ಎರಡು: "ಟೈಮ್ ಸಿಕ್ಕರೆ ಸೀರಿಯಲ್ ನೋಡ್ತಾರೆ, ಓದಲ್ಲ." ನೋಡಲಿ ಬಿಡಿ. ನಾವು ಸಿಕ್ಕ ಟೈಮಿನಲ್ಲೆಲ್ಲಾ ಕುವೆಂಪು ಓದುತ್ತೇವಾ? ನಮ್ಮ ಮೊಬೈಲ್‌ಗೆ ಕೇಳಿದರೆ ಅದೇ ಹೇಳುತ್ತೆ. ಬಿಡುವಿನಲ್ಲಿ ಏನು ಮಾಡಬೇಕು ಅನ್ನೋದು ಬಿಡುವು ಪಡೆದವರ ಇಷ್ಟ.

ಮೂರು: "ಈಗ ಆಡಿಯೋ ಪುಸ್ತಕ ಇದಾವಲ್ಲ, ಕೆಲಸ ಮಾಡ್ತಾ ಕೇಳಬಹುದು." ಒಳ್ಳೇದೇ. ಆದರೆ ಕೆಲಸ ಹಾಗೇ ಇಟ್ಟು ಕಿವಿಗೊಂದು ಹೆಡ್‌ಫೋನ್ ಕೊಡೋದು ರಜೆ ಅಲ್ಲ.

ಹಾಗಾದರೆ ಏನು ಮಾಡೋದು? ಕ್ರಾಂತಿ ಏನೂ ಬೇಡ. ಮಧ್ಯಾಹ್ನ ಊಟ ಆದ ಮೇಲೆ ಎರಡರಿಂದ ನಾಲ್ಕರವರೆಗೆ ಅಡಿಗೆಮನೆ ನಮ್ಮದು. ನಮ್ಮದು ಅಂದರೆ ರಜೆಗೆ ಬಂದ ಗಂಡುಮಕ್ಕಳದು, ಅಳಿಯಂದಿರದು, ಹೈಸ್ಕೂಲ್ ಹುಡುಗರದು. ಪಾತ್ರೆ ತೊಳೆಯೋದು, ಬಟ್ಟೆ ಮಡಚೋದು, ಕಾಗೆ ಕಾಯೋದು, ನಾಲ್ಕು ಗಂಟೆ ಚಾ, ಎಲ್ಲಾ ನಾವೇ. ಹೇಗಿದ್ದರೂ ಆ ಬಿಸಿಲಲ್ಲಿ ಹೊರಗೆ ಹೋಗೋಕೆ ಆಗಲ್ಲ. ಬೆಂಗಳೂರಿನಿಂದ ಬರುವಾಗ ಸ್ವೀಟ್ ಬಾಕ್ಸ್ ಜೊತೆ ಎರಡು ಕಾದಂಬರಿ ತನ್ನಿ. ದಪ್ಪಕ್ಷರದ್ದಾದರೆ ಇನ್ನೂ ಒಳ್ಳೇದು. ಕನ್ನಡಕದ ನಂಬರ್ ಸರಿಯಿದೆಯಾ ಅಂತ ಒಮ್ಮೆ ಹೊಸಪೇಟೆಗೆ ಕರಕೊಂಡು ಹೋಗಿ ತೋರಿಸಿ. ಹತ್ತಿರದ ಲೈಬ್ರರಿಯಲ್ಲಿ ಮಕ್ಕಳ ಹೆಸರಿನ ಜೊತೆ ಅವ್ವನ ಹೆಸರಲ್ಲೂ ಒಂದು ಕಾರ್ಡು ಮಾಡಿಸಿ. ಓದು ಬಾರದ ಅಜ್ಜಿ ಇದ್ದರೆ ಮಕ್ಕಳ ಕೈಲಿ ಜೋರಾಗಿ ಓದಿಸಿ. ಮಕ್ಕಳ ಕನ್ನಡವೂ ಸುಧಾರಿಸುತ್ತೆ, ಸಾವಿರಾರು ರೂಪಾಯಿಯ ಸಮ್ಮರ್ ಕ್ಯಾಂಪೂ ಉಳಿಯುತ್ತೆ.

ಮೊದಲ ದಿನ ಬೈಸಿಕೊಳ್ಳೋಕೆ ರೆಡಿಯಾಗಿರಿ. "ಗಂಡುಡುಗರು ಪಾತ್ರಿ ತಿಕ್ಕಿದ್ರ ನೋಡ್ದೋರು ಏನಂತಾರ, ಬಿಡಪಾ ಅದನ್ನ" ಅಂತ ಕೈಯಿಂದ ಕಸಿದುಕೊಳ್ಳೋಕೆ ಬರುತ್ತಾರೆ. ಕೊಡಬೇಡಿ. ಮೂರನೇ ದಿನಕ್ಕೆ ಅವರೇ ಪುಸ್ತಕ ಹಿಡಿದು ಪಡಸಾಲೆಯಲ್ಲಿ ಕೂತಿರಬಹುದು, ಇಲ್ಲಾ ಸುಮ್ಮನೆ ಮಲಗಿರಬಹುದು. ಎರಡೂ ಅವರ ಹಕ್ಕೇ.

ನಿಮ್ಮ ಮನೇಲಿ ಬೇಸಿಗೆಯ ಮಧ್ಯಾಹ್ನ ಎರಡು ಗಂಟೆಗೆ ಯಾರು ಏನು ಮಾಡ್ತಿರ್ತಾರೆ? ಈ ಸಲ ಊರಿಗೆ ಹೋದಾಗ ಒಂದು ದಿನ ಸುಮ್ಮನೆ ಗಡಿಯಾರ ಹಿಡಿದು ನೋಡಿ.