ಕಿಟಕಿಯಾಚೆಯ ಕಾಯಕ ದರ್ಶನ

ನಮ್ಮ ನರಸಾಪುರಕ್ಕೆ ರೈಲು ನಿಲ್ದಾಣವಿಲ್ಲ, ಹೆದ್ದಾರಿಯುಂಟು. ಆದ್ದರಿಂದ ನಾವೆಲ್ಲ ಬಸ್ಸಿನಲ್ಲೋ ಕಾರಿನಲ್ಲೋ ಬೆಂಗಳೂರಿಗೆ ಧಾವಿಸುತ್ತೇವೆ. ದಾರಿಯಲ್ಲಿ ಏನು ಕಂಡಿರೆಂದು ಮಕ್ಕಳನ್ನು ಕೇಳಿದರೆ ಉತ್ತರವಿರುವುದಿಲ್ಲ. ಆತುರವಿಲ್ಲದ ದಿನ ಕೋಲಾರಕ್ಕೆ ಹೋಗಿ, ಚಿಕ್ಕಬಳ್ಳಾಪುರದ ಮಾರ್ಗವಾಗಿ ರೈಲಿನಲ್ಲಿ ಪಯಣಿಸಿರೆಂದು ಶರಣಬಂಧುಗಳಲ್ಲಿ ನಮ್ಮ ವಿನಂತಿ.

ಒಂದು ಕಾಲಕ್ಕೆ ಎರಡೂವರೆ ಅಡಿ ಅಗಲದ ಕಿರುಹಳಿಯ ಮೇಲೆ ಪುಟ್ಟ ರೈಲು ಸಾಗುತ್ತಿದ್ದ ದಾರಿಯಿದು. ಹಳಿ ಬದಲಾವಣೆಗಾಗಿ ನಿಂತಿದ್ದ ಕೋಲಾರ–ಚಿಕ್ಕಬಳ್ಳಾಪುರ ನಡುವಣ ಸಂಚಾರವು 2013ರಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ಪುನಃ ಆರಂಭವಾಯಿತು.

ಕೋಲಾರದಲ್ಲಿ ಶತಶೃಂಗದ ಬಂಡೆಬೆಟ್ಟಗಳು ನಮ್ಮನ್ನು ಬೀಳ್ಕೊಡುತ್ತವೆ. ಮುಂದೆ ಶ್ರೀನಿವಾಸಪುರದ ಮಾವಿನ ತೋಪುಗಳು. ಚಿಂತಾಮಣಿ ದಾಟಿದರೆ ಶಿಡ್ಲಘಟ್ಟ ಸೀಮೆಯ ಹಿಪ್ಪುನೇರಳೆ ತೋಟಗಳು. ಚಿಕ್ಕಬಳ್ಳಾಪುರವಾದ ಮೇಲೆ 1,478 ಮೀಟರ್ ಎತ್ತರದ ನಂದಿಬೆಟ್ಟ. ಅದರ ತಪ್ಪಲಿನಲ್ಲೇ ಭೋಗನಂದೀಶ್ವರನ ಪುರಾತನ ದೇಗುಲವಿರುವ ನಂದಿ ಗ್ರಾಮ.

ಈ ಹಸಿರನ್ನು ಕೇವಲ ಪ್ರಕೃತಿಯ ಸೊಬಗೆಂದು ಭಾವಿಸಲಾಗದು. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡಿದು. ಹಿರಿಯರು ಕಟ್ಟಿದ ಕೆರೆ, ಆಳದ ಕೊಳವೆಬಾವಿ, ರೈತನ ಬೆವರು ಇವುಗಳಿಂದಲೇ ಇಲ್ಲಿ ಒಂದೊಂದು ಎಲೆಯೂ ಚಿಗುರಿದೆ. ಕಾಯಕವೇ ಕೈಲಾಸವೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು, ಆ ಕಾಯಕವನ್ನು ಕಣ್ಣಾರೆ ತೋರಿಸುವುದು ಬೇಡವೇ?

ಹೊರಡುವ ಮುನ್ನ ನಿಲ್ದಾಣದಲ್ಲಿ ವೇಳೆ ವಿಚಾರಿಸಿಕೊಳ್ಳಿರಿ. ಅಜ್ಜ, ಅಜ್ಜಿಯರಿಗೆ ಕಿಟಕಿಯ ಪಕ್ಕದ ಜಾಗ ಕೊಡಿರಿ. ಪ್ರತಿಯೊಂದು ಊರಿನ ಕಥೆ ಅವರಲ್ಲಿರುತ್ತದೆ. ಬುತ್ತಿಯನ್ನು ಎದುರು ಕುಳಿತವರೊಡನೆ ಹಂಚಿಕೊಳ್ಳಿರಿ. ದಾಸೋಹದ ಮೊದಲ ಪಾಠ ಮಕ್ಕಳಿಗೆ ಅಲ್ಲಿಯೇ ದೊರೆಯಲಿ.